ಕೋಲ್ಸ್‌ಹಿಲ್ ಮನೆ: ಮಿಲಿಟರಿ ಕೈಯಲ್ಲಿ ಉಳೀತು, ಪೇಂಟ್ ಕೆಲಸದಲ್ಲಿ ಹೋಯ್ತು

ಇಂಗ್ಲೆಂಡಿನಲ್ಲಿ ಈಗ ಇಲ್ಲದೇ ಇರೋ ದೊಡ್ಡ ದೊಡ್ಡ ಹಳ್ಳಿ ಬಂಗಲೆಗಳ ಬಗ್ಗೆ ಓದೋಕೆ ಕೂತ್ರೆ ಒಂದೇ ಕತೆ ಬೇರೆ ಬೇರೆ ಹೆಸರಲ್ಲಿ ಸಿಗ್ತಾ ಹೋಗುತ್ತೆ. ಯುದ್ಧ ಬಂತು, ಮಿಲಿಟರಿಯವರು ಮನೆ ತಗೊಂಡ್ರು, ಹಾಳುಗೆಡವಿದ್ರು, ಆಮೇಲೆ ಒಡೆಸಿಬಿಟ್ರು. ಎಷ್ಟೋ ಮನೆಗಳ ವಿಷಯದಲ್ಲಿ ಅದು ನಿಜಾನೇ. ಆದ್ರೆ ಕೋಲ್ಸ್‌ಹಿಲ್ ಹೌಸ್ ವಿಷಯಕ್ಕೆ ಬಂದ್ರೆ ಲೆಕ್ಕ ಉಲ್ಟಾ. ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಈ ಮನೆ ಸುತ್ತಮುತ್ತ ಬಾಂಬ್ ಇಡೋದು ಹೇಗೆ, ಸೇತುವೆ ಹಾರಿಸೋದು ಹೇಗೆ, ಸದ್ದಾಗದ ಹಾಗೆ ಕೊಲ್ಲೋದು ಹೇಗೆ ಅಂತ ಕಲಿಸ್ತಿದ್ರು, ಮನೆ ನಿಂತೇ ಇತ್ತು. ಯುದ್ಧ ಮುಗಿದು ಏಳು ವರ್ಷ ಆದ್ಮೇಲೆ, ಮನೆ ಚೆನ್ನಾಗಿರ್ಲಿ ಅಂತ ರಿಪೇರಿ ಮಾಡ್ಸೋಕೆ ಹೋಗಿ ಸುಟ್ಟುಹೋಯ್ತು.

ಇದು ಹೇಗಾಯ್ತು ಅಂತ ಅರ್ಥ ಆಗ್ಬೇಕಂದ್ರೆ ಮೊದ್ಲು ಆ ಮನೆ ಏನು ಅಂತ ನೋಡ್ಬೇಕು, ಯಾಕಂದ್ರೆ ಅದು ಸುಮ್ನೆ ಯಾವುದೋ ಒಂದು ಶ್ರೀಮಂತರ ಬಂಗಲೆ ಅಲ್ಲ.

ಕೋಲ್ಸ್‌ಹಿಲ್ ಅನ್ನೋದು ಒಂದು ಸಣ್ಣ ಹಳ್ಳಿ, ಆಗ ಬರ್ಕ್‌ಶೈರ್‌ಗೆ ಸೇರಿತ್ತು, 1974ರಲ್ಲಿ ಗಡಿ ಬದಲಾದ್ಮೇಲೆ ಆಕ್ಸ್‌ಫರ್ಡ್‌ಶೈರ್. ಅಲ್ಲಿ 1650ರ ದಶಕದಲ್ಲಿ ಸರ್ ಜಾರ್ಜ್ ಪ್ರ್ಯಾಟ್ ಅನ್ನೋರು ಹೊಸ ಮನೆ ಕಟ್ಟಿಸಿದ್ರು, ಡಿಸೈನ್ ಮಾಡಿದ್ದು ಅವ್ರ ದಾಯಾದಿ ರೋಜರ್ ಪ್ರ್ಯಾಟ್, 1662ರ ಹೊತ್ತಿಗೆ ಕೆಲಸ ಮುಗೀತು. ಆ ಕಾಲದ ದೊಡ್ಡ ವಾಸ್ತುಶಿಲ್ಪಿ ಇನಿಗೋ ಜೋನ್ಸ್ ಕೂಡ ಸಲಹೆ ಕೊಟ್ಟಿದ್ರಂತೆ, ಅದಕ್ಕೇ ಬಹಳ ಕಾಲ ಜನ ಇದು ಜೋನ್ಸ್ ಕಟ್ಟಿದ ಮನೆ ಅಂತಲೇ ಹೇಳ್ತಿದ್ರು. ಪಾಪ, ರೋಜರ್‌ಗೆ ಹೆಸರು ಸಿಕ್ಕಿದ್ದು ತುಂಬಾ ಲೇಟು.

ಈ ಮನೆಯಲ್ಲಿ ಏನು ವಿಶೇಷ ಅಂದ್ರೆ ಪ್ಲಾನ್. ಅದಕ್ಕೂ ಮುಂಚೆ ಅಲ್ಲಿನ ದೊಡ್ಡ ಮನೆಗಳು ಬಹುಪಾಲು ಒಂದು ಕೋಣೆ ಅಗಲಕ್ಕೆ ಉದ್ದುದ್ದ ಹೋಗ್ತಿದ್ವು, ಆಚೆ ಕೋಣೆಗೆ ಹೋಗ್ಬೇಕಂದ್ರೆ ಈಚೆ ಕೋಣೆ ದಾಟ್ಕೊಂಡೇ ಹೋಗ್ಬೇಕು, ಅಲ್ಲಿ ಯಾರು ಮಲಗಿದ್ರೂ ಸರಿ. ಪ್ರ್ಯಾಟ್ ಏನ್ ಮಾಡಿದ್ರು, ಎರಡು ಸಾಲು ಕೋಣೆಗಳನ್ನ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸಿ, ಮಧ್ಯೆ ಒಂದು ಉದ್ದ ಕಾರಿಡಾರ್ ಬಿಟ್ರು. ಯಾವ ಕೋಣೆಗೂ ನೇರ ದಾರಿ. ಒಂದೇ ಚೌಕಟ್ಟಿನೊಳಗೆ ಎಲ್ಲಾ ಬಂದಿದ್ರಿಂದ ಛಾವಣಿ ಖರ್ಚೂ ಕಮ್ಮಿ, ಬೆಚ್ಚಗೂ ಇರುತ್ತೆ. ಇವತ್ತು ನಮಗೆ ಕಾರಿಡಾರ್ ಅಂದ್ರೆ ಹಾಸ್ಟೆಲ್ಲು, ಲಾಡ್ಜು, ಆಸ್ಪತ್ರೆ ನೆನಪಾಗುತ್ತೆ, ಅದ್ರಲ್ಲೇನು ದೊಡ್ಡ ವಿಷಯ ಅನ್ಸುತ್ತೆ, ಆದ್ರೆ ಆಗ ಅದು ಹೊಸ ಯೋಚನೆ. ಕಾರಿಡಾರಿನ ಎರಡೂ ತುದಿಯಲ್ಲಿ ಕೆಲಸದವರಿಗೆ ಅಂತಲೇ ಸಣ್ಣ ಮೆಟ್ಟಿಲು, ಅಡುಗೆಮನೆ ಮತ್ತು ಅವರು ಊಟ ಮಾಡೋ ಜಾಗ ನೆಲಮಾಳಿಗೆಯಲ್ಲಿ. ಯಜಮಾನರು ಮತ್ತೆ ಅತಿಥಿಗಳ ಕಣ್ಣಿಗೆ ಕೆಲಸದವರು ಬೀಳ್ಲೇಬಾರದು ಅನ್ನೋದು ಉದ್ದೇಶ, ಪ್ರ್ಯಾಟ್ ತಮ್ಮ ಟಿಪ್ಪಣಿಯಲ್ಲಿ ಇದನ್ನ ಮುಚ್ಚುಮರೆ ಇಲ್ಲದೆ ಬರೆದಿಟ್ಟಿದ್ದಾರೆ. ಮುಂಬಾಗಿಲು ದಾಟಿದ್ರೆ ಎರಡು ಅಂತಸ್ತು ಎತ್ತರದ ಹಾಲ್, ಎರಡೂ ಪಕ್ಕದ ಗೋಡೆಗೆ ಅಂಟಿಕೊಂಡು ಏರಿ ಮೇಲೆ ಸೇರೋ ಜೋಡಿ ಮೆಟ್ಟಿಲು, ತಲೆ ಮೇಲೆ ಹೂವು ಹಣ್ಣಿನ ಪ್ಲಾಸ್ಟರ್ ಕೆತ್ತನೆ. ಹೊರಗಡೆ ಮಾತ್ರ ಸರಳ, ಒಂಬತ್ತು ಕಿಟಕಿಯ ಸಾಲು, ಮೇಲೆ ಇಳಿಜಾರು ಛಾವಣಿ, ಅದ್ರೊಳಗಿಂದ ಇಣುಕೋ ಅಟ್ಟದ ಕಿಟಕಿಗಳು, ಎತ್ತರದ ಹೊಗೆಗೂಡು, ನೆತ್ತಿ ಮೇಲೆ ಒಂದು ಪುಟ್ಟ ಗುಮ್ಮಟ. ಆ ಅಟ್ಟದ ಕಿಟಕಿಗಳನ್ನ ನೆನಪಲ್ಲಿ ಇಟ್ಕೊಳ್ಳಿ, ಮುಂದೆ ಬರುತ್ತೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡ್ತೀನಿ. 1666ರಲ್ಲಿ ಲಂಡನ್ ನಗರಕ್ಕೆ ಬೆಂಕಿ ಬಿದ್ದು ಸುಟ್ಟುಹೋದ್ಮೇಲೆ ಮತ್ತೆ ಕಟ್ಟೋಕೆ ಅಂತ ರಾಜ ಮೂವರನ್ನ ನೇಮಿಸಿದ, ಕ್ರಿಸ್ಟೋಫರ್ ರೆನ್, ಹ್ಯೂ ಮೇ, ಮೂರನೆಯವ್ರು ಇದೇ ರೋಜರ್ ಪ್ರ್ಯಾಟ್. ಬೆಂಕಿ ಬಿದ್ದ ಊರು ಎಬ್ಬಿಸೋಕೆ ಹೋದವರು ಡಿಸೈನ್ ಮಾಡಿದ ಮನೆಗೇ ಬೆಂಕಿ, ಮುನ್ನೂರು ವರ್ಷ ತಡವಾಗಿ ಅಷ್ಟೆ.

ಪ್ರ್ಯಾಟ್ ಮನೆತನದಿಂದ ಮದುವೆ ಸಂಬಂಧದಲ್ಲಿ ಮನೆ ಪ್ಲೇಡೆಲ್ ಅನ್ನೋ ಮನೆತನಕ್ಕೆ ಹೋಯ್ತು, ಅಲ್ಲಿಂದ ಮತ್ತೆ ಮದುವೆ ಮೂಲಕ ಬೂವರಿಗಳಿಗೆ, ಹೀಗೆ ಪ್ಲೇಡೆಲ್-ಬೂವರಿ ಅಂತ ಜೋಡಿ ಹೆಸರಾಯ್ತು. ಇಪ್ಪತ್ತನೇ ಶತಮಾನಕ್ಕೆ ಬಂದ್ರೆ ಮನೇಲಿ ಉಳಿದಿದ್ದು ಅಕ್ಕ ತಂಗಿ, ಮೇರಿ ಮತ್ತು ಕ್ಯಾಥರೀನ್. ಈ ಕ್ಯಾಥರೀನ್ ಬಗ್ಗೆ ಒಂದೆರಡು ಮಾತು ಹೇಳ್ದೇ ಮುಂದೆ ಹೋಗೋಕೆ ಮನಸ್ಸಾಗ್ತಿಲ್ಲ. ಅಷ್ಟು ದೊಡ್ಡ ಮನೆತನದ ಹುಡುಗಿ 1924ರಲ್ಲಿ ಸೇಂಟ್ ಐವ್ಸ್‌ಗೆ ಹೋಗಿ ಬರ್ನಾರ್ಡ್ ಲೀಚ್ ಹತ್ರ ಕುಂಬಾರಿಕೆ ಕಲಿತು, ವಾಪಸ್ ಬಂದು ಎಸ್ಟೇಟಿನ ಗಿರಣಿ ಹತ್ರ ಸೌದೆ ಆವಿಗೆ ಹಾಕಿಕೊಂಡ್ರು. ತೋಟದ, ಕಾಡಿನ ಒಂದೊಂದು ಜಾತಿ ಮರ ಗಿಡವನ್ನ ಬೇರೆ ಬೇರೆ ಸುಟ್ಟು, ಆ ಬೂದಿಯನ್ನ ಜರಡಿ ಹಿಡಿದು ಗ್ಲೇಜ್, ಅಂದ್ರೆ ಮಡಕೆ ಮೇಲೆ ಬಳಿಯೋ ಹೊಳಪಿನ ಲೇಪ ಮಾಡೋದು, ಯಾವ ಮರದ ಬೂದಿ ಯಾವ ಬಣ್ಣ ಕೊಡುತ್ತೆ ಅಂತ ಗುರುತು ಹಾಕ್ಕೊಳ್ಳೋದು. ಒಂದು ಮರದ ಬೂದಿ ಬೂದು ಬಣ್ಣಕ್ಕೆ ತಿರುಗಿದ್ರೆ ಇನ್ನೊಂದು ಹಸಿರಿಗೆ. ಬ್ರಿಟನ್ನಿನ ಸ್ಟುಡಿಯೋ ಕುಂಬಾರಿಕೆ ಇತಿಹಾಸದಲ್ಲಿ ಅವ್ರ ಹೆಸರು ಗಟ್ಟಿಯಾಗಿ ಕೂತಿದೆ, ಅವ್ರು ಮಾಡಿದ ಬಟ್ಟಲು ಹೂಜಿಗಳು ಮ್ಯೂಸಿಯಂಗಳಲ್ಲಿವೆ.

ಈಗ 1940ಕ್ಕೆ ಬರೋಣ. ಮೇ ಕೊನೆ, ಜೂನ್ ಮೊದಲ ವಾರ. ಡಂಕರ್ಕ್ ತೀರದಿಂದ 3,38,000ಕ್ಕೂ ಹೆಚ್ಚು ಸೈನಿಕರನ್ನ ಹಡಗು ದೋಣಿಗಳಲ್ಲಿ ಹೇಗೋ ವಾಪಸ್ ಕರ್ಕೊಂಡು ಬಂದ್ರು ಬ್ರಿಟಿಷರು, ಆದ್ರೆ ಟ್ಯಾಂಕು, ಫಿರಂಗಿ, ಲಾರಿ ಎಲ್ಲಾ ಫ್ರಾನ್ಸ್‌ನಲ್ಲೇ ಬಿಟ್ಟು ಬಂದಾಗಿತ್ತು. ಜುಲೈ 16ಕ್ಕೆ ಹಿಟ್ಲರ್ ಇಂಗ್ಲೆಂಡ್ ಮೇಲೆ ದಂಡೆತ್ತಿ ಹೋಗೋಕೆ ತಯಾರಿ ಮಾಡಿ ಅಂತ ಆದೇಶ ಹೊರಡಿಸಿದ. ಜರ್ಮನ್ನರು ಇವತ್ತಲ್ಲ ನಾಳೆ ಇಳೀತಾರೆ ಅನ್ನೋದು ಆಗ ಊಹಾಪೋಹ ಅಲ್ಲ, ಸರ್ಕಾರವೇ ನಂಬಿದ್ದ ಮಾತು.

ಆಗ ಹುಟ್ಟಿದ್ದು ಆಕ್ಸಿಲರಿ ಯೂನಿಟ್ಸ್, ಅಂದ್ರೆ ಸಹಾಯಕ ತುಕಡಿಗಳು. ಬೇಕಂತಲೇ ಸಪ್ಪೆ ಹೆಸರು, ಕೇಳಿದವರಿಗೆ ಏನೋ ಸಾಮಾನು ಸಾಗಿಸೋ ಪಡೆ ಇರ್ಬೇಕು ಅನ್ಸಬೇಕು. ಮುಖ್ಯಸ್ಥ ಕಾಲಿನ್ ಗಬ್ಬಿನ್ಸ್, ಗೆರಿಲ್ಲಾ ಯುದ್ಧದ ಬಗ್ಗೆ ತಲೆ ಕೆಡಿಸ್ಕೊಂಡಿದ್ದ ಅಧಿಕಾರಿ, 1920ರ ದಶಕದಲ್ಲಿ ಶಿಮ್ಲಾದಲ್ಲಿ ಕೆಲಸ ಮಾಡಿ ಉರ್ದು ಕೂಡ ಕಲಿತಿದ್ರು. ಇಲ್ಲಿ ಒಂದು ವಿಷಯ ಸರಿಯಾಗಿ ಅರ್ಥ ಮಾಡ್ಕೊಳ್ಬೇಕು. ಫ್ರಾನ್ಸ್ ಕಡೆ ಭೂಗತ ಹೋರಾಟ ಶುರುವಾಗಿದ್ದು ದೇಶ ಸೋತ ಮೇಲೆ, ಜನ ತಾವೇ ಸೇರಿಕೊಂಡು. ಬ್ರಿಟನ್ ಮಾಡಿದ್ದು ಬೇರೆ, ಶತ್ರು ಕಾಲಿಡೋಕೆ ಮುಂಚೆಯೇ ಭೂಗತ ಪಡೆ ಕಟ್ಟಿ, ತರಬೇತಿ ಕೊಟ್ಟು, ಮದ್ದುಗುಂಡು ತುಂಬಿಸಿ, ನೆಲದೊಳಗೆ ಕೂರಿಸೋ ವ್ಯವಸ್ಥೆ. ಜರ್ಮನ್ ಸೈನ್ಯ ಬಂದ್ರೆ ಇವ್ರು ಎದುರು ನಿಂತು ಹೊಡೆದಾಡೋದಲ್ಲ, ಗುಂಡಿಯೊಳಗೆ ಇಳಿದು ಮುಚ್ಚಳ ಹಾಕ್ಕೊಂಡು ಸೈನ್ಯ ತಮ್ಮ ತಲೆ ಮೇಲೆ ದಾಟಿ ಹೋಗೋವರೆಗೂ ಕಾಯೋದು, ಆಮೇಲೆ ರಾತ್ರಿ ಹೊತ್ತು ಹೊರಗೆ ಬಂದು ಹಿಂದಿನಿಂದ ಪೆಟ್ರೋಲ್ ದಾಸ್ತಾನು, ರೈಲ್ವೆ ಹಳಿ, ವಿಮಾನ ಇವುಗಳನ್ನ ಹಾಳು ಮಾಡೋದು.

ಇಂಥಾ ಕೆಲಸಕ್ಕೆ ತರಬೇತಿ ಕೊಡೋಕೆ ಜಾಗ ಬೇಕಲ್ಲ. ದೊಡ್ಡ ಮನೆ, ಸುತ್ತ ಸಾಕಷ್ಟು ಕಾಡು ಹೊಲ, ಕುದುರೆ ಲಾಯ, ಮುಖ್ಯ ರಸ್ತೆಯಿಂದ ದೂರ, ಕರಾವಳಿಯಿಂದಲೂ ದೂರ. ಕೋಲ್ಸ್‌ಹಿಲ್ ಹೌಸ್ ಹೆಡ್‌ಕ್ವಾರ್ಟರ್ಸ್ ಆಯ್ತು.

ಅಲ್ಲಿಗೆ ಹೋಗೋ ದಾರಿ ಇನ್ನೂ ಮಜವಾಗಿದೆ. ಆಯ್ಕೆಯಾದವರಿಗೆ ಕೋಲ್ಸ್‌ಹಿಲ್ ಅಂತ ವಿಳಾಸಾನೇ ಕೊಡ್ತಿರ್ಲಿಲ್ಲ. ಕೆಲವೇ ಮೈಲಿ ದೂರದ ಹೈವರ್ತ್ ಅನ್ನೋ ಊರಿನ ಪೋಸ್ಟಾಫೀಸಿಗೆ ಹೋಗಿ, ಅಷ್ಟೆ. ಅಲ್ಲಿ ಮೇಬಲ್ ಸ್ಟ್ರ್ಯಾಂಕ್ಸ್ ಅಂತ ವಯಸ್ಸಾದ ಪೋಸ್ಟ್‌ಮಿಸ್ಟ್ರೆಸ್. ಬಂದವರನ್ನ ಒಂದ್ಸಲ ಮೇಲಿಂದ ಕೆಳಗೆ ನೋಡಿ, ಗುರುತು ಪರಿಶೀಲಿಸಿ, ಒಳಗೆ ಹೋಗಿ ಫೋನ್ ಮಾಡಿ ಬರ್ತಿದ್ರು. ಸ್ವಲ್ಪ ಹೊತ್ತಿಗೆ ಒಂದು ಗಾಡಿ ಬಂದು ಕರ್ಕೊಂಡು ಹೋಗೋದು. ಒಂದು ಕಡೆ ಅಂಚೆ ಚೀಟಿ, ಮನಿಯಾರ್ಡರ್, ಇನ್ನೊಂದು ಕಡೆ ದೇಶದ ಅತೀ ಗುಟ್ಟಿನ ಪಡೆಯ ಹೆಬ್ಬಾಗಿಲು, ಎರಡಕ್ಕೂ ಒಂದೇ ಕೌಂಟರ್.

ಯಾರು ಬರ್ತಿದ್ರು ಅಂದ್ರೆ ರೈತರು, ಎಸ್ಟೇಟಿನ ಬೇಟೆ ಕಾವಲುಗಾರರು, ಮರ ಕಡಿಯೋರು, ಕೆಲವು ಕಡೆ ಕಳ್ಳಬೇಟೆ ಆಡ್ತಿದ್ದೋರೂ. ಕಾವಲುಗಾರ ಮತ್ತು ಅವನಿಂದ ತಪ್ಪಿಸ್ಕೊಂಡು ಮೊಲ ಹೊಡೀತಿದ್ದ ಕಳ್ಳ ಇಬ್ರೂ ಇಂಥ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದ್ರು, ಕತ್ತಲಲ್ಲಿ ಕಾಡು ಗೊತ್ತು, ಯಾವ ಕಡ್ಡಿ ತುಳಿದ್ರೆ ಸದ್ದಾಗುತ್ತೆ ಗೊತ್ತು, ಬೇಲಿ ಎಲ್ಲಿ ತೆಳು ಅಂತ ಗೊತ್ತು. ನಾಲ್ಕರಿಂದ ಎಂಟು ಜನದ ಒಂದೊಂದು ತಂಡ. ವಾರದ ಕೊನೆಗೆ ಕೋಲ್ಸ್‌ಹಿಲ್‌ಗೆ ಬಂದು ಲಾಯದಲ್ಲಿ ಮಲಗಿ, ಸ್ಫೋಟಕ, ಚಾಕು, ರಾತ್ರಿ ನಡಿಗೆ ಎಲ್ಲಾ ಕಲಿತು, ಮತ್ತೆ ತಮ್ಮೂರಿಗೆ ಹೋಗಿ ಹಾಲು ಕರೆಯೋದು, ಉಳೋದು. ಹೆಂಡತಿಗೂ ಹೇಳೋ ಹಾಗಿಲ್ಲ. ಯಾರಾದ್ರೂ ಕೇಳಿದ್ರೆ ಹೋಮ್ ಗಾರ್ಡ್ ಡ್ಯೂಟಿ ಅನ್ನೋದು. ಕೆಲವು ಗಟ್ಟಿಮುಟ್ಟಾದ ಹುಡುಗರಿಗೆ, ಸೈನ್ಯಕ್ಕೆ ಸೇರದೆ ಮನೇಲಿ ಕೂತಿದ್ದಾನೆ ಹೇಡಿ ಅಂತ ಊರವರೇ ಬಿಳಿ ಗರಿ ಕೊಟ್ಟು ಅವಮಾನ ಮಾಡಿದ್ದೂ ಇದೆ. ಬಾಯಿ ಬಿಡೋ ಹಾಗಿಲ್ವಲ್ಲ, ನುಂಗಿಕೊಂಡ್ರು.

ಅವರಿಗೆ ಕಲಿಸ್ತಿದ್ದ ಒಂದು ಸಾಮಾನು ಹತ್ತಿರದಿಂದ ನೋಡೋಣ, ಯಾಕಂದ್ರೆ ಗುಟ್ಟಿನ ಯುದ್ಧ ಅಂದ್ರೆ ಏನು ಅಂತ ಅದೊಂದೇ ತಿಳಿಸಿಬಿಡುತ್ತೆ. ಟೈಮ್ ಪೆನ್ಸಿಲ್ ಅಂತ ಹೆಸರು, ನೋಡೋಕೂ ಪೆನ್ಸಿಲ್ ಥರಾನೇ ಒಂದು ಸಣ್ಣ ಕೊಳವೆ. ಒಂದು ತುದಿಯ ತಾಮ್ರದ ಭಾಗದೊಳಗೆ ಲೋಹ ತಿನ್ನೋ ದ್ರವ ತುಂಬಿದ ಪುಟ್ಟ ಗಾಜಿನ ಶೀಷೆ, ಪಕ್ಕದಲ್ಲಿ ಒಂದು ತೆಳು ತಂತಿ, ಆ ತಂತಿ ಸ್ಪ್ರಿಂಗಿನ ಮೊಳೆಯನ್ನ ಹಿಡಿದುಕೊಂಡಿರುತ್ತೆ. ತುದಿ ಅದುಮಿದ್ರೆ ಶೀಷೆ ಒಡೆದು ಆ ದ್ರವ ನಿಧಾನಕ್ಕೆ ತಂತಿ ತಿನ್ನೋಕೆ ಶುರು ಮಾಡುತ್ತೆ, ತಂತಿ ತುಂಡಾದ ಕ್ಷಣ ಮೊಳೆ ಚಿಮ್ಮಿ ಮದ್ದಿಗೆ ಬೆಂಕಿ. ಟಿಕ್ ಟಿಕ್ ಅನ್ನೋ ಗಡಿಯಾರ ಇಲ್ಲ, ಸದ್ದೇ ಇಲ್ಲ. ಎಷ್ಟು ಹೊತ್ತು ಅನ್ನೋದಕ್ಕೆ ಬಣ್ಣದ ಪಟ್ಟಿ, ಕಪ್ಪಾದ್ರೆ ಸುಮಾರು 10 ನಿಮಿಷ, ಕೆಂಪಾದ್ರೆ ಅರ್ಧ ಗಂಟೆ, ಹೀಗೆ. ಚಳಿ ಜಾಸ್ತಿ ಇದ್ರೆ ದ್ರವದ ಕೆಲಸ ನಿಧಾನ, ಸೆಖೆ ಇದ್ರೆ ಬೇಗ, ಆದ್ದರಿಂದ ಹವಾಮಾನ ನೋಡ್ಕೊಂಡು ಲೆಕ್ಕ ಹಾಕ್ಬೇಕು. ರೈತರಿಗೆ ಅದೇನು ಹೇಳ್ಕೊಡ್ಬೇಕಾ.

ಇದನ್ನೆಲ್ಲಾ ಬರೆದ ಪುಸ್ತಕ ಮನೇಲಿ ಸಿಕ್ಕಿಬಿದ್ರೆ ಗತಿ? ಅದಕ್ಕೆ ಕೈಪಿಡಿಯನ್ನ ‘ಕಂಟ್ರಿಮನ್ಸ್ ಡೈರಿ 1939’ ಅಂತ ರೈತರ ಡೈರಿ ಥರ ಅಚ್ಚು ಹಾಕಿಸಿದ್ರು. ರಟ್ಟಿನ ಮೇಲೆ ಹೈವರ್ತ್ ಗೊಬ್ಬರದ ಜಾಹೀರಾತು, ಫಲ ಕಾಣೋವರೆಗೂ ಕಣ್ಣಿಗೆ ಬೀಳದೆ ಕೆಲಸ ಮಾಡುತ್ತೆ ಅನ್ನೋ ಅರ್ಥದ ಸಾಲು. ಒಳಗೆ ತಿರುವಿದ್ರೆ ಬಾಂಬ್ ಕಟ್ಟೋ ವಿಧಾನ. ಅಂಥಾ ಕೆಟ್ಟ ಕಾಲದಲ್ಲೂ ಯಾರೋ ಒಬ್ಬ ಆಫೀಸರ್ ಕೂತ್ಕೊಂಡು ಒಳಗೊಳಗೇ ನಕ್ಕೊಂಡು ಈ ಸಾಲು ಬರೆದಿರ್ಬೇಕು ಅಂತ ನನಗನ್ಸುತ್ತೆ.

ಇನ್ನು ಬಂಕರ್‌ಗಳು. ದೇಶದ ಕರಾವಳಿ ಸುತ್ತ ಸುಮಾರು 500 ಇದ್ವು. ಸಾಮಾನ್ಯವಾಗಿ ಕಾಡಿನ ನೆಲದಡಿಯಲ್ಲಿ ಅರ್ಧ ಪೀಪಾಯಿ ಮಗುಚಿ ಹಾಕಿದ ಹಾಗೆ ಸುಕ್ಕುಗಟ್ಟಿದ ತಗಡಿನ ಛಾವಣಿ, ಮೇಲಿಂದ ಇಳಿಯೋಕೆ ಒಂದು ಬಾವಿಯಂಥ ದಾರಿ, ಇನ್ನೊಂದು ತುದಿಯಲ್ಲಿ ತೆವಳಿಕೊಂಡು ತಪ್ಪಿಸ್ಕೊಳ್ಳೋಕೆ ಸಿಮೆಂಟ್ ಪೈಪಿನ ಸುರಂಗ. ಒಳಗೆ ಮಲಗೋ ಹಲಗೆ, ಸುಮಾರು ಎರಡು ವಾರದ ಆಹಾರ, ನೀರು, ಸ್ಫೋಟಕ, ಒಂದು ಗ್ಯಾಲನ್ ರಮ್. ಕೆಂಟ್‌ನಲ್ಲಿ ಒಂದು ಬಂಕರ್‌ಗೆ ಕಾಲಿಂಗ್ ಬೆಲ್ ಹೇಗಿತ್ತು ಗೊತ್ತಾ, ನೆಲದ ಮೇಲೆ ಇಲಿ ಬಿಲದ ಥರ ಒಂದು ತೂತು, ಅದ್ರೊಳಗೆ ಗೋಲಿ ಹಾಕಿದ್ರೆ ಪೈಪಿನಲ್ಲಿ ಉರುಳಿಕೊಂಡು ಹೋಗಿ ಕೆಳಗಿನ ತಗಡಿನ ಡಬ್ಬಿಗೆ ಟಣ್ ಅಂತ ಬೀಳೋದು, ಒಳಗಿರೋರು ಬಾಗಿಲು ತೆಗೆಯೋರು. ಆ ಕಡೆಯ ಗುಂಪು ಕಟ್ಟಿದ್ದು ಪೀಟರ್ ಫ್ಲೆಮಿಂಗ್, ಜೇಮ್ಸ್ ಬಾಂಡ್ ಹುಟ್ಟಿಸಿದ ಇಯಾನ್ ಫ್ಲೆಮಿಂಗ್‌ರ ಅಣ್ಣ. ಮುಂದೆ ಅವ್ರು ದೆಹಲಿಗೆ ಬಂದು ಜಪಾನಿಯರಿಗೆ ಸುಳ್ಳು ಸುದ್ದಿ ನಂಬಿಸೋ ಇಲಾಖೆ ನಡೆಸಿದ್ರು. ಅವರ ಜೊತೆ ಕೆಂಟ್‌ನಲ್ಲಿ ಸೇರಿ ಕೆಲಸ ಮಾಡಿದ್ದ ಮೈಕ್ ಕ್ಯಾಲ್ವರ್ಟ್ ರೋಹ್ತಕ್‌ನಲ್ಲಿ ಹುಟ್ಟಿದವ್ರು, ಆಮೇಲೆ ಬರ್ಮಾ ಕಾಡಿನಲ್ಲಿ ಜಪಾನಿಯರ ಬೆನ್ನ ಹಿಂದೆ ನುಗ್ಗಿ ಹೊಡೀತಿದ್ದ ಚಿಂಡಿಟ್ ಪಡೆಯಲ್ಲಿ ಹೆಸರು ಮಾಡಿದ್ರು.

ಎರಡೇ ವಾರದ ಆಹಾರ ಯಾಕೆ ಅಂತ ಅನುಮಾನ ಬಂದಿರ್ಬಹುದು. ಅದಕ್ಕಿಂತ ಹೆಚ್ಚು ದಿನ ಇವರು ಬದುಕೋದು ಅನುಮಾನ ಅಂತ ಲೆಕ್ಕ ಹಾಕಿದ್ರು, ಬಂದವರಿಗೂ ಅದು ಗೊತ್ತಿತ್ತು.

ಜರ್ಮನ್ನರು ಬರ್ಲೇ ಇಲ್ಲ. 1944ರ ನವೆಂಬರ್‌ನಲ್ಲಿ ಪಡೆ ವಿಸರ್ಜನೆ ಆಯ್ತು. ಕೊಟ್ಟಿದ್ದು ಒಂದು ಪುಟ್ಟ ಬ್ಯಾಡ್ಜು, ಒಂದು ಪತ್ರ. ನಿಮ್ಮ ಪ್ರಾಣ ಗುಟ್ಟಿನ ಮೇಲೆ ನಿಂತಿದ್ರಿಂದ ಬಹಿರಂಗವಾಗಿ ಗೌರವಿಸೋಕೆ ಆಗಲ್ಲ ಅನ್ನೋದು ಅದರ ಸಾರ.

ಈಗ ಮನೆ ಕತೆಗೆ ವಾಪಸ್. ಯುದ್ಧ ಮುಗಿದ ಹೊತ್ತಿಗೆ ಅಲ್ಲಿನ ದೊಡ್ಡ ಮನೆಗಳ ಪರಿಸ್ಥಿತಿ ಏನಿತ್ತು ಅಂತ ಸ್ವಲ್ಪ ಹೇಳ್ಬೇಕು. ಈ ಮನೆಗಳು ನಡೀತಿದ್ದಿದ್ದೇ ಸುತ್ತಲಿನ ಗೇಣಿದಾರರು ಕೊಡೋ ಹಣದಿಂದ. 1870ರ ದಶಕದಿಂದ ಅಮೆರಿಕದ ಅಗ್ಗದ ಗೋಧಿ ಬರೋಕೆ ಶುರುವಾಗಿ ಜಮೀನಿನ ಆದಾಯ ಬಿತ್ತು. 1894ರಲ್ಲಿ ಸರ್ಕಾರ ಯಜಮಾನ ಸತ್ತಾಗ ಆಸ್ತಿ ಮೇಲೆ ತೆರಿಗೆ ಅಂತ ತಂದ್ರು, ಮೊದ್ಲು ಅತಿ ಹೆಚ್ಚು ಅಂದ್ರೆ 8 ಪರ್ಸೆಂಟ್, 1919ಕ್ಕೆ 40, ಎರಡನೇ ಯುದ್ಧ ಮುಗಿದ ಕೆಲವೇ ವರ್ಷಕ್ಕೆ ತೀರಾ ದೊಡ್ಡ ಆಸ್ತಿಗಳಿಗೆ 80. ಒಂದು ಯುದ್ಧದಲ್ಲಿ ಅಪ್ಪ, ಹಿಂದೆಯೇ ಮಗ ಸತ್ರೆ ಮುಗೀತು ಮನೆತನ. ಅಡುಗೆಗೆ, ಬೆಂಕಿ ಹಾಕೋಕೆ ಕೆಲಸದವರೂ ಸಿಗ್ತಿರ್ಲಿಲ್ಲ, ಫ್ಯಾಕ್ಟರಿ ಕೆಲಸ ಬಿಟ್ಟು ಯಾರು ಬರ್ತಾರೆ. 1955ರ ಹೊತ್ತಿಗೆ ಐದು ದಿನಕ್ಕೊಂದು ಇಂಥಾ ಮನೆ ಕೆಡವ್ತಿದ್ರು ಅಂತ ಸಾಮಾನ್ಯವಾಗಿ ಹೇಳ್ತಾರೆ.

ಕೋಲ್ಸ್‌ಹಿಲ್‌ಗೆ ಮಾತ್ರ ಅದೃಷ್ಟ ಚೆನ್ನಾಗಿತ್ತು, ಅಥವಾ ಹಾಗೆ ಅನ್ನಿಸ್ತು. ಅಕ್ಕ ತಂಗಿ ಮಾರಿದಾಗ ತಗೊಂಡಿದ್ದು ಅರ್ನೆಸ್ಟ್ ಕುಕ್. ಫಾರಿನ್ ಟ್ರಿಪ್ ಹೋಗೋವಾಗ ಕರೆನ್ಸಿ ಚೇಂಜ್ ಮಾಡಿಸ್ತೀವಲ್ಲ ಆ ಥಾಮಸ್ ಕುಕ್, ಅವರ ಮೊಮ್ಮಗ. 1928ರಲ್ಲಿ ತಮ್ಮ ಪಾಲಿನ ಕಂಪನಿ ಮಾರಿ, ಆ ದುಡ್ಡಲ್ಲಿ ಹಳೇ ಎಸ್ಟೇಟುಗಳನ್ನ ಹಾಳಾಗದ ಹಾಗೆ ಉಳಿಸೋದೇ ಕೆಲಸ ಮಾಡ್ಕೊಂಡಿದ್ದ ಮನುಷ್ಯ. ಇಂಥವರ ಕೈಗೆ ಬಂದ್ಮೇಲೆ ಇನ್ನೇನು ಭಯ. ರಿಪೇರಿ ಕೆಲಸ ಶುರುವಾಯ್ತು.

1952ರ ಸೆಪ್ಟೆಂಬರ್ 23. ಮೇಲಿನ ಅಟ್ಟದ ಕಿಟಕಿಗಳ ಹಳೇ ಪೇಂಟನ್ನ ಬ್ಲೋಲ್ಯಾಂಪಿನಿಂದ ಸುಟ್ಟು ತೆಗೀತಿದ್ರು ಅಂತಾರೆ. ನಮ್ಮ ಹಳೇ ಮನೆ ಬಾಗಿಲಿಗೆ ಪೇಂಟ್ ಹೊಡ್ಸೋವಾಗ ನಾನೂ ನೋಡಿದ್ದೀನಿ, ನೀಲಿ ಜ್ವಾಲೆ ಹಿಡಿದ್ರೆ ಹಳೇ ಪೇಂಟ್ ಗುಳ್ಳೆ ಗುಳ್ಳೆ ಎದ್ದು ಸುರುಳಿ ಸುತ್ಕೊಳ್ಳುತ್ತೆ, ಆಗ ಉಜ್ಜಿ ತೆಗೀಬೇಕು. ಮೇಲೆ ಪೇಂಟ್ ಆರಿದ್ರೂ ಮರದ ಸಂದಿಯಲ್ಲಿ ಕಿಡಿ ಕೂತಿದ್ರೆ ಗೊತ್ತೇ ಆಗಲ್ಲ. ಮುನ್ನೂರು ವರ್ಷ ಒಣಗಿದ ಛಾವಣಿ ಮರ, ಕಿಡಿಗೆ ಅಷ್ಟು ಸಾಕು. ಬೆಂಕಿ ಮೇಲಿಂದ ಕೆಳಗಿಳೀತು. ಸಾಮಾನು ಸರಂಜಾಮು ಸಾಕಷ್ಟು ಹೊರಗೆ ಹಾಕಿದ್ರು, ಜೋಡಿ ಮೆಟ್ಟಿಲನ್ನ, ಪ್ಲಾಸ್ಟರ್ ಹೂವನ್ನ ಹೊರಗೆ ಹೊತ್ತು ತರೋಕೆ ಆಗುತ್ತಾ.

ಗೋಡೆಗಳು ಮಾತ್ರ ನಿಂತಿದ್ವು, ಅದೂ ಆರು ವರ್ಷ. ಕುಕ್ 1955ರಲ್ಲಿ ತೀರಿಕೊಂಡ್ರು, ಎಸ್ಟೇಟ್ 1956ರಲ್ಲಿ ಹಳೇ ಮನೆ, ಜಾಗಗಳನ್ನ ಕಾಪಾಡೋ ನ್ಯಾಷನಲ್ ಟ್ರಸ್ಟ್ ಅನ್ನೋ ಸಂಸ್ಥೆಗೆ ಬಂತು, 1958ರಲ್ಲಿ ಉಳಿದ ಗೋಡೆಗಳನ್ನೂ ಕೆಡವಿಬಿಟ್ರು.

ನನಗೆ ಈ ಆರು ವರ್ಷವೇ ಕಾಡೋದು. ಬೆಂಕಿ ಆಕಸ್ಮಿಕ, ಸರಿ, ಆದ್ರೆ ಕೆಡವಿದ್ದು ಆಕಸ್ಮಿಕ ಅಲ್ವಲ್ಲ. ಪಾರಂಪರಿಕ ಪಟ್ಟಿಯಲ್ಲಿರೋ ಕಟ್ಟಡ ಕೆಡವೋಕೆ ಮೊದ್ಲೇ ಅನುಮತಿ ತಗೋಬೇಕು ಅನ್ನೋ ಗಟ್ಟಿ ಕಾನೂನು ಬ್ರಿಟನ್ನಿನಲ್ಲಿ ಬಂದಿದ್ದು 1968ರಲ್ಲಿ. ಆಕ್ಸಿಲರಿ ಯೂನಿಟ್ಸ್ ಬಗ್ಗೆ ಅಲ್ಲೊಂದು ಇಲ್ಲೊಂದು ಸುದ್ದಿ ಮುಂಚೆ ಬಂದಿದ್ರೂ ಪೂರ್ತಿ ಕತೆ ಪುಸ್ತಕವಾಗಿ ಜನರ ಕೈಗೆ ಬಂದಿದ್ದೂ ಅದೇ 1968ರಲ್ಲಿ. ಎರಡೂ ಹತ್ತು ವರ್ಷ ತಡ. 1958ರಲ್ಲಿ ಆ ಗೋಡೆ ನೋಡಿದೋರಿಗೆ ಅದು ಸುಟ್ಟ ಬಂಗಲೆ, ಅಷ್ಟೆ, ಇಲ್ಲಿ ಏನು ನಡೀತು ಅಂತ ಗೊತ್ತಿದ್ದ ಸಾವಿರಾರು ಜನ ಬಾಯಿಗೆ ಬೀಗ ಹಾಕ್ಕೊಂಡು ಹೊಲ ಉಳ್ತಾ ಇದ್ರು. ಗೊತ್ತಿದ್ದಿದ್ರೆ ಗೋಡೆ ಉಳೀತಿತ್ತಾ? ಅದು ನನ್ನ ಊಹೆ, ಉಳೀದೇನೂ ಇರ್ಬಹುದು, ಖರ್ಚು ಖರ್ಚೇ. ಆದ್ರೆ ಮನೆ ಪರವಾಗಿ ಹೇಳೋಕಿದ್ದ ಅತಿ ದೊಡ್ಡ ಮಾತನ್ನ ಹೇಳೋ ಹಾಗೇ ಇರ್ಲಿಲ್ಲ.

2013ರ ನವೆಂಬರ್‌ನಲ್ಲಿ ಈ ಪಡೆಯಲ್ಲಿದ್ದವರು ಯುದ್ಧದಲ್ಲಿ ಸತ್ತವರ ನೆನಪಿಗೆ ಲಂಡನ್ನಿನಲ್ಲಿರೋ ಸೆನೋಟಾಫ್ ಸ್ಮಾರಕದ ಮುಂದೆ ಮೊದಲ ಸಲ ಹೆಜ್ಜೆ ಹಾಕಿದ್ರು, ಅಷ್ಟು ಹೊತ್ತಿಗೆ ಉಳಿದಿದ್ದೇ ಕೆಲವರು, ಎಲ್ಲಾ ಮುದುಕರು.

ಇವತ್ತು ಕೋಲ್ಸ್‌ಹಿಲ್‌ಗೆ ಹೋದ್ರೆ ಕಲ್ಲಿನ ಗೇಟಿನ ಕಂಬಗಳಿವೆ, ಲಾಯ ಇದೆ, ಕಾಡಿನೊಳಗೆ ಹಳೇ ಬಂಕರ್ ಇದೆ, ಅದು ಹಾಳಾಗಿರೋದ್ರಿಂದ ನೋಡೋಕೆ ಬರೋರಿಗೆ ಅಂತ ನ್ಯಾಷನಲ್ ಟ್ರಸ್ಟ್‌ನವರು ಅದೇ ಥರದ ಇನ್ನೊಂದನ್ನ ಕಟ್ಟಿದ್ದಾರೆ. ಮನೆ ಇದ್ದ ಜಾಗದಲ್ಲಿ ಗೋಡೆ ಎಲ್ಲೆಲ್ಲಿತ್ತೋ ಅಲ್ಲಲ್ಲಿ ಬಾಕ್ಸ್ ಗಿಡದ ಕುಳ್ಳ ಬೇಲಿ ಬೆಳೆಸಿದ್ದಾರೆ. ಹುಲ್ಲಿನ ಮೇಲೆ ಪ್ರ್ಯಾಟ್ ಪ್ಲಾನ್ ಹಸಿರು ಗೆರೆಯಲ್ಲಿ ಬರೆದ ಹಾಗಿದೆ. ಆ ಕಡೆ ಒಂದು ಸಾಲು ಕೋಣೆ, ಈ ಕಡೆ ಒಂದು ಸಾಲು, ಮಧ್ಯೆ ಉದ್ದಕ್ಕೆ ಕಾರಿಡಾರ್, ಈಗ ಅಲ್ಲಿ ಯಾರು ಬೇಕಾದ್ರೂ ನಡೀಬಹುದು.